ಸ್ಪಷ್ಟನೆ: ಮೊಡವೆ ಮಾತ್ರೆ ಮತ್ತು ನೀಲಿಗಟ್ಟುವ ಚರ್ಮ
‘ಮೊಡವೆಗೆ ಯಾವ ಮಾತ್ರೆ ನುಂಗಿದರೂ ಚರ್ಮ ಶಾಶ್ವತವಾಗಿ ನೀಲಿಗಟ್ಟುತ್ತದೆ’ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಇದರಲ್ಲಿ ಸತ್ಯದ ಎಳೆಯೊಂದಿದೆ, ಉಳಿದದ್ದು ಉತ್ಪ್ರೇಕ್ಷೆ.

ಈ ಅಡ್ಡಪರಿಣಾಮಕ್ಕೆ ಮುಖ್ಯವಾಗಿ ಹೆಸರಾಗಿರುವುದು ಮಿನೊಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್. ಹಳೆಯ ಮೊಡವೆ ಕಲೆಗಳಲ್ಲಿ ನೀಲಿ-ಕಪ್ಪು, ಮೊಣಕಾಲಿನ ಕೆಳಗೆ ನೀಲಿ-ಬೂದು, ಬಿಸಿಲು ತಾಗುವ ಕಡೆ ಮಣ್ಣುಗಂದು ಬಣ್ಣ ಕಾಣಿಸಿಕೊಳ್ಳಬಹುದು. ಕೆಲವರಲ್ಲಿ ಉಗುರು, ವಸಡು, ಕಣ್ಣಿನ ಬಿಳಿಭಾಗಕ್ಕೂ ಛಾಯೆ ಬರುತ್ತದೆ. ಔಷಧದ ಅಂಶ ಕಬ್ಬಿಣದೊಂದಿಗೆ ಸೇರಿ ಚರ್ಮದಲ್ಲಿ ಉಳಿಯುವುದು ಇದಕ್ಕೆ ಒಂದು ಕಾರಣ. ದೀರ್ಘಕಾಲ ಸೇವಿಸಿದಷ್ಟೂ ಅಪಾಯ ಹೆಚ್ಚು.

‘ಶಾಶ್ವತ’ ಎಂಬ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ತಿಂಗಳುಗಳಲ್ಲಿ, ಕೆಲವೊಮ್ಮೆ ವರ್ಷಗಳಲ್ಲಿ ಬಣ್ಣ ಮಾಸುತ್ತದೆ. ಕೆಲವರಲ್ಲಿ ಪೂರ್ತಿ ಹೋಗುವುದಿಲ್ಲ, ಈ ಸತ್ಯವನ್ನು ಮುಚ್ಚಿಡಬಾರದು. ಅಂಥವರಿಗೆ ಲೇಸರ್ ಚಿಕಿತ್ಸೆ ನೆರವಾಗಬಹುದು.

ಇನ್ನು, ಮೊಡವೆ ಮಾಗಿದ ಜಾಗದ ಕಂದು ಕಲೆಗಳು ಹೆಚ್ಚಾಗಿ ಉರಿಯೂತದಿಂದ ಬಂದವು, ಔಷಧದಿಂದಲ್ಲ. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಹದಿಹರೆಯದವರು ಚಿಕಿತ್ಸೆಯನ್ನೇ ಬಿಟ್ಟುಬಿಡುತ್ತಾರೆಂಬುದು ನನ್ನ ನಿಜವಾದ ಕಳವಳ. ಚರ್ಮದಲ್ಲಿ ನೀಲಿ ಅಥವಾ ಬೂದು ಛಾಯೆ ಕಂಡರೆ ತಡಮಾಡದೆ ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ತೋರಿಸಿ. ಅವರು ಬೇರೆ ಔಷಧಕ್ಕೆ ಬದಲಾಯಿಸಬಲ್ಲರು.