ಸತ್ಯಾಂಶ: ನದಿ ದಂಡೆಯ ಫೋಟೋಗೆ ಎಫ್/22 ಇಡಲೇಬೇಕಾ?

"ನದಿ ಪಕ್ಕದ ಪಾರ್ಕಲ್ಲಿ ಫೋಟೋ ತೆಗೆಯುವಾಗ ಅಪರ್ಚರ್ ಎಫ್/22ಕ್ಕೆ ಇಡಿ, ಹತ್ತಿರದ ಕಲ್ಲಿನಿಂದ ಆಚೆ ದಡದ ಮರದವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ" ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಅರ್ಧ ಮಾತ್ರ ನಿಜ. ಅಪರ್ಚರ್ ಅಂದರೆ ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿ; ಎಫ್ ಜೊತೆಗಿನ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು.

ಅಪರ್ಚರ್ ಕಿರಿದಾದಷ್ಟೂ ಹೆಚ್ಚು ಆಳದವರೆಗೆ ಫೋಕಸ್ ಸಿಗುತ್ತದೆ, ಸರಿ. ಆದರೆ ಅಷ್ಟು ಸಣ್ಣ ಕಿಂಡಿಯಲ್ಲಿ ತೂರಿ ಬರುವ ಬೆಳಕು ಹರಡಿಕೊಳ್ಳುತ್ತದೆ, ಹಾಗಾಗಿ ಇಡೀ ಚಿತ್ರವೇ ಸ್ವಲ್ಪ ಮಸುಕಾಗುತ್ತದೆ. ಎಷ್ಟೇ ದುಬಾರಿ ಲೆನ್ಸ್ ಆದರೂ ಇದು ತಪ್ಪುವುದಿಲ್ಲ. ಜೊತೆಗೆ ಎಫ್/8ಕ್ಕಿಂತ 8 ಪಟ್ಟು ಜಾಸ್ತಿ ಹೊತ್ತು ಶಟರ್ ತೆರೆದಿರಬೇಕು, ಅಂದರೆ 1/60 ಸೆಕೆಂಡ್ ಸಾಕಾಗುತ್ತಿದ್ದ ಕಡೆ ಸುಮಾರು 1/8 ಸೆಕೆಂಡ್ ಬೇಕು, ಅಷ್ಟರಲ್ಲಿ ದಡದ ಜೊಂಡು ಗಾಳಿಗೆ ಅಲ್ಲಾಡಿ ಹಸಿರು ಗೀಚಿನ ಹಾಗೆ ಕಾಣುತ್ತದೆ. ಟ್ರೈಪಾಡ್ ಹಿಡಿದಿಡುವುದು ಕ್ಯಾಮೆರಾವನ್ನು, ಜೊಂಡನ್ನಲ್ಲ ಅಲ್ವಾ!

ಅದರ ಬದಲು ಹೀಗೆ ಮಾಡಿ ನೋಡಿ: ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾ, 24 ಎಂಎಂ ಲೆನ್ಸ್, ಎಫ್/11. ಫೋಕಸ್ ಆಚೆ ದಡಕ್ಕಲ್ಲ, ಸುಮಾರು 2 ಮೀಟರ್ ದೂರದ ಕಲ್ಲಿಗೆ. ಸುಮಾರು 1 ಮೀಟರ್‌ನಿಂದ ಹಿಡಿದು ದೂರದ ಮರಗಳವರೆಗೆ ಸಾಕಷ್ಟು ಸ್ಪಷ್ಟವಾಗಿರುತ್ತದೆ.

ನೀರು ನಯವಾಗಿ ಕಾಣಬೇಕಾ? ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಗ್ಗಿಸುವ ಗಾಜು, ಹಾಕಿ; ಆಗ ಶಟರ್ ಹೆಚ್ಚು ಹೊತ್ತು ತೆರೆದಿಡಬಹುದು. ಫಿಲ್ಟರ್ ಇಲ್ಲದಿದ್ದರೆ ಮಾತ್ರ ಎಫ್/22 ನೆನಪಿಸಿಕೊಳ್ಳಿ. ಇನ್ನು ಬಹುತೇಕ ಮೊಬೈಲ್‌ಗಳಲ್ಲಿ ಅಪರ್ಚರ್ ಬದಲಾಯಿಸಲು ಬರುವುದೇ ಇಲ್ಲ, ಆದರೂ ಈ ಮೆಸೇಜನ್ನು ಸುಮ್ನೆ ಫಾರ್ವರ್ಡ್ ಮಾಡುತ್ತಿದ್ದಾರೆ.