ಅಪ್‌ಡೇಟ್ ಹಾಕಿದರೆ ಒಳಗಿದ್ದವನು ಹೊರಗೆ ಹೋಗುತ್ತಾನೆಯೇ?

“ಅಪ್‌ಡೇಟ್ ಹಾಕಿಯಾಗಿದೆ, ಹೆದರುವುದೇನೂ ಇಲ್ಲ.” ರೂಟರ್ ಸಾಫ್ಟ್‌ವೇರಿನಲ್ಲಿ ಗಂಭೀರ ದೋಷವಿದೆ ಎಂದು ಸುದ್ದಿಯಾದಾಗಲೆಲ್ಲ ಕುಂಬಳೆಯಿಂದ ಪೆರ್ಲದವರೆಗೆ ಇಂಟರ್ನೆಟ್ ಕೊಡುವ ಕೇಬಲಿನವರು ಹೇಳುವುದು ಇಷ್ಟೇ. ಅದೂ ನಾವಾಗಿ ಕೇಳಿದರೆ. ಹಾಕಿದ್ದು ಯಾವಾಗ, ಅಷ್ಟರೊಳಗೆ ಯಾರಾದರೂ ನುಗ್ಗಿದ್ದರೇ ಎಂದು ಕೇಳಿ ನೋಡಿ, ಮಾತು ಬಿಲ್ಲಿನ ಬಾಕಿಯ ಕಡೆಗೆ ಹೊರಳುತ್ತದೆ.

ಮೈಕ್ರೋಟಿಕ್ ಕಥೆಯನ್ನೇ ನೋಡೋಣ. ಲಾಟ್ವಿಯಾದ ಈ ಕಂಪನಿಯ ರೂಟರ್ ಪೆಟ್ಟಿಗೆಗಳು ಅಗ್ಗ, ಕೆಲಸದಲ್ಲಿ ಗಟ್ಟಿ. ಸಣ್ಣ ಇಂಟರ್ನೆಟ್ ಪೂರೈಕೆದಾರರಿಗೆ ಅಚ್ಚುಮೆಚ್ಚು. 2018ರ ಏಪ್ರಿಲಿನಲ್ಲಿ ಅದರ ವಿನ್‌ಬಾಕ್ಸ್ ಎಂಬ ನಿರ್ವಹಣಾ ಬಾಗಿಲಿನಲ್ಲಿ ಒಂದು ದೋಷ ಸಿಕ್ಕಿತು. ಪಾಸ್‌ವರ್ಡ್ ಇಲ್ಲದೆಯೇ ಹೊರಗಿನವರು ರೂಟರಿನ ಕಡತಗಳನ್ನು ಓದಬಹುದಿತ್ತು, ಪಾಸ್‌ವರ್ಡ್‌ಗಳಿದ್ದ ಕಡತವನ್ನೂ. ಕಂಪನಿ ತಡಮಾಡದೆ ತಿದ್ದುಪಡಿ ಬಿಟ್ಟಿತು. ಹಾಕಿಕೊಳ್ಳಬೇಕಾದವರು ಹಾಕಿಕೊಳ್ಳಲಿಲ್ಲ. ಆಗಸ್ಟಿನ ಹೊತ್ತಿಗೆ ಬ್ರೆಜಿಲ್ ಒಂದರಲ್ಲೇ ಸಾವಿರಗಟ್ಟಲೆ ರೂಟರುಗಳು ಯಾರದೋ ಕ್ರಿಪ್ಟೊ ನಾಣ್ಯಕ್ಕಾಗಿ ದುಡಿಯುತ್ತಿದ್ದವು.

ನನಗೆ ಮುಖ್ಯವೆನಿಸುವುದು ಅದರ ನಂತರದ ಭಾಗ. 2021ರಲ್ಲಿ ಮೇರಿಸ್ ಎಂಬ ಬಾಟ್‌ನೆಟ್ (ಕಳ್ಳರ ವಶವಾದ ಉಪಕರಣಗಳ ಪಡೆ) ದೊಡ್ಡ ದೊಡ್ಡ ಜಾಲತಾಣಗಳ ಮೇಲೆ ಮುಗಿಬಿದ್ದಾಗ, ಅದರಲ್ಲಿದ್ದದ್ದು 2018ರಲ್ಲಿ ಕೈತಪ್ಪಿದ ರೂಟರುಗಳೇ ಎಂದು ಮೈಕ್ರೋಟಿಕ್ ಹೇಳಿತು. ಬೀಗ ರಿಪೇರಿಯಾಗಿತ್ತು, ನಕಲಿ ಕೀಲಿ ಕಳ್ಳನ ಜೇಬಿನಲ್ಲೇ ಇತ್ತು. ಪಾಸ್‌ವರ್ಡ್ ಬದಲಿಸಿ, ಶೆಡ್ಯೂಲರಿನಲ್ಲಿ (ಹೊತ್ತಿಗೆ ಸರಿಯಾಗಿ ತಾನಾಗಿ ನಡೆಯಬೇಕಾದ ಕೆಲಸಗಳ ಪಟ್ಟಿ) ನೀವು ಹಾಕದ ಸ್ಕ್ರಿಪ್ಟ್, ಅಂದರೆ ಆದೇಶಗಳ ಸರಣಿ, ಇದೆಯೇ ನೋಡಿ, ಸಾಕ್ಸ್ ಪ್ರಾಕ್ಸಿ (ಬೇರೆಯವರ ಸಂಚಾರವನ್ನು ನಿಮ್ಮ ರೂಟರಿನ ಮೂಲಕ ಸಾಗಿಸುವ ಸೌಲಭ್ಯ) ಆನ್ ಆಗಿದ್ದರೆ ಆರಿಸಿ ಎಂದು ಕಂಪನಿಯೇ ತಿಳಿಸಿತ್ತು. ಕಳ್ಳ ಶೆಡ್ಯೂಲರಿನಲ್ಲಿ ಬಿಟ್ಟಿರುವುದು ಒಂದೇ ಸಾಲು: ಇಂತಿಷ್ಟು ಹೊತ್ತಿಗೊಮ್ಮೆ ಇಂಥ ವಿಳಾಸದಿಂದ ಕಡತ ತಂದು ನಡೆಸು. ನೋಡುವವರಿಗೆ ಕಣ್ಣಿಗೆ ಹೊಡೆಯುತ್ತದೆ. ನೋಡುವವರು ಬೇಕಲ್ಲ!

ಆಫ್ ಮಾಡಿ ಆನ್ ಮಾಡಿದರೆ ಎಲ್ಲ ಸರಿಯಾಗುತ್ತದೆ ಎಂಬ ನಂಬಿಕೆಯೂ ನಮ್ಮಲ್ಲಿ ಬಲವಾಗಿದೆ. ತುಲಾ ತಿಂಗಳ ಗುಡುಗಿಗೆ ದಿನಾ ಸಂಜೆ ಪ್ಲಗ್ ಕೀಳುವವರು ನಾವು. ಸಿಡಿಲಿಗೆ ಅದು ಸರಿ, ಒಳನುಗ್ಗಿದವನಿಗೆ ಸಾಲದು. 2023ರ ಅಕ್ಟೋಬರಿನಲ್ಲಿ ರೂಟರ್ ತಯಾರಕ ಸಿಸ್ಕೊ ಕಂಪನಿಯ ಐಒಎಸ್ ಎಕ್ಸ್ಇ ಎಂಬ ಸಾಫ್ಟ್‌ವೇರಿನ ದೋಷಕ್ಕೆ ತೀವ್ರತೆಯಲ್ಲಿ ಹತ್ತಕ್ಕೆ ಹತ್ತು ಅಂಕ ಬಂದಿತ್ತು. ದಾಳಿಕೋರರು ಪೂರ್ಣ ಅಧಿಕಾರದ ಖಾತೆಗಳನ್ನು ತೆರೆದು ಒಳಗೆ ಒಂದು ತುಣುಕು ಸಾಫ್ಟ್‌ವೇರ್ ಬಿಟ್ಟಿದ್ದರು. ಉಪಕರಣವನ್ನು ಮತ್ತೆ ಚಾಲೂ ಮಾಡಿದರೆ ಆ ತುಣುಕು ಅಳಿಯುತ್ತಿತ್ತು, ಖಾತೆ ಉಳಿಯುತ್ತಿತ್ತು. ತಿದ್ದುಪಡಿ ಬರುವ ಮುನ್ನವೇ ಸಿಸ್ಕೊ ಹೇಳಿದ್ದು, ಇಂಟರ್ನೆಟ್ಟಿಗೆ ತೆರೆದಿರುವ ವೆಬ್ ನಿರ್ವಹಣಾ ಬಾಗಿಲನ್ನು ಮುಚ್ಚಿ ಎಂದು. ಅದಕ್ಕೆ ಒಂದೆರಡು ಸಾಲಿನ ಆದೇಶ ಸಾಕು, ಕಾಸು ಖರ್ಚಿಲ್ಲ. ಬದಿಯಡ್ಕದ ಕಚೇರಿಯ ರೂಟರನ್ನು ಇಡೀ ಜಗತ್ತು ತೆರೆದು ನೋಡುವ ಅಗತ್ಯವಾದರೂ ಏನು?

ನುಸುಳುವಿಕೆ ಗೊತ್ತಾದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, 180 ದಿನಗಳ ಲಾಗ್ (ಉಪಕರಣದಲ್ಲಿ ಏನೇನು ನಡೆಯಿತು ಎಂಬ ದಾಖಲೆ) ಇಟ್ಟುಕೊಂಡಿರಬೇಕು ಎಂದು 2022ರಿಂದ ನಿಯಮವಿದೆ. ಲಾಗ್ ಇಡದವರಿಗೆ ನುಸುಳಿದ್ದು ಗೊತ್ತಾಗುವುದೇ ಇಲ್ಲ, ಹಾಗಾಗಿ ಆರು ಗಂಟೆಯ ಗಡಿಯಾರವೂ ಓಡುವುದಿಲ್ಲ. ಎಷ್ಟು ಅನುಕೂಲ!

ಕೇಬಲಿನವರು ಮುಂದಿನ ಸಲ ಹಣಕ್ಕೆ ಬಂದಾಗ ಕೇಳಿ: ನಿರ್ವಹಣಾ ಬಾಗಿಲು ಹೊರಗಿನಿಂದ ಮುಚ್ಚಿದೆಯೇ, ಪಾಸ್‌ವರ್ಡ್ ಕೊನೆಯ ಸಲ ಬದಲಾದದ್ದು ಯಾವಾಗ, ಖಾತೆಗಳ ಪಟ್ಟಿಯಲ್ಲಿ ಯಾರ ಯಾರ ಹೆಸರಿದೆ. “ಅದೆಲ್ಲ ಮೇಲಿನವರು ನೋಡಿಕೊಳ್ಳುತ್ತಾರೆ” ಎಂದರೆ, ಆ ಮೇಲಿನವರ ಹೆಸರನ್ನೂ ಫೋನ್ ನಂಬರನ್ನೂ ರಸೀದಿಯ ಹಿಂದೆಯೇ ಬರೆಸಿಕೊಳ್ಳಿ.