ಸರ್ವಾಧಿಕಾರಿ ಕರೆದ ಚುನಾವಣೆ ಅವನನ್ನೇ ಕೆಡವೀತೇ?

ಪರ

ಎಂಥ ಸರ್ವಾಧಿಕಾರಿಗೂ ಒಂದು ಚಪಲ ಇರುತ್ತದೆ: ಜನ ತನ್ನನ್ನು ಒಪ್ಪಿದ್ದಾರೆಂದು ಲೋಕದೆದುರು ಹೇಳಿಕೊಳ್ಳಬೇಕು. ಅದಕ್ಕೇ ಚುನಾವಣೆ ಕರೆಯುತ್ತಾನೆ. ಕರೆದ ಮೇಲೆ ಮತ ಎಣಿಸಬೇಕು. ಎಣಿಸುವವರು ಸಾಮಾನ್ಯ ನೌಕರರು. ಅವರೆಲ್ಲರೂ ಸುಳ್ಳಿಗೆ ಕೈಜೋಡಿಸುತ್ತಾರೆಂಬ ಖಾತರಿ ಏನು?

1986ರ ಫೆಬ್ರುವರಿ 9ರ ರಾತ್ರಿ ಫಿಲಿಪೀನ್ಸ್‌ನ ಮನಿಲಾದಲ್ಲಿ ಆ ಖಾತರಿ ಕೈಕೊಟ್ಟಿತು. ಚುನಾವಣಾ ಆಯೋಗದ ಎಣಿಕೆ ಕೇಂದ್ರದಲ್ಲಿ ಕೂತಿದ್ದ 30ಕ್ಕೂ ಹೆಚ್ಚು ಕಂಪ್ಯೂಟರ್ ಸಿಬ್ಬಂದಿ, ತಾವು ದಾಖಲಿಸಿದ ಅಂಕಿಗೂ ಫಲಕದ ಮೇಲಿನ ಅಂಕಿಗೂ ತಾಳೆಯಾಗುತ್ತಿಲ್ಲವೆಂದು ಎದ್ದು ಹೊರನಡೆದರು. ಹೆಚ್ಚಿನವರು ಹೆಂಗಸರು. ನೇರ ಹೋಗಿ ಚರ್ಚೊಂದರಲ್ಲಿ ಆಶ್ರಯ ಪಡೆದರು. ಫೆಬ್ರುವರಿ 25ಕ್ಕೆ ಅಲ್ಲಿನ ಸರ್ವಾಧಿಕಾರಿ ಮಾರ್ಕೋಸ್ ದೇಶ ಬಿಟ್ಟರು. ನಡುವೆ ಸೇನೆಯಲ್ಲಿ ಬಂಡಾಯವಾಯಿತು, ಜನ ಬೀದಿ ತುಂಬಿದರು, ಒಪ್ಪುತ್ತೇನೆ. ಆದರೆ ಗೆದ್ದದ್ದು ನಾವೇ ಎಂಬ ಧೈರ್ಯ ಆ ಜನರಿಗೆ ಬಂದದ್ದು ಮತಪೆಟ್ಟಿಗೆಯಿಂದ.

ಚಿಲಿಯಲ್ಲೂ ಹಾಗೆಯೇ. ಸೇನಾ ಸರ್ವಾಧಿಕಾರಿ ಪಿನೊಚೆಟ್‌ಗೆ ಇನ್ನೂ 8 ವರ್ಷ ಕೊಡಬೇಕೇ ಎಂದು 1988ರ ಅಕ್ಟೋಬರ್ 5ರಂದು ಕೇಳಿದಾಗ ಸುಮಾರು ಶೇ 56 ಮಂದಿ ಬೇಡವೆಂದರು. ಆ ರಾತ್ರಿ ಅಧ್ಯಕ್ಷರ ಅರಮನೆಯ ಬಾಗಿಲಲ್ಲಿ ಪತ್ರಕರ್ತರೆದುರು ಸೋಲೊಪ್ಪಿದವರು ಅವರದೇ ವಾಯುಪಡೆಯ ಮುಖ್ಯಸ್ಥ ಫರ್ನಾಂಡೊ ಮತ್ತೇಯ್.

ವಿರೋಧ

ಗೆದ್ದ ಕಥೆಗಳನ್ನಷ್ಟೇ ಹೆಕ್ಕಿದರೆ ಯಾವ ವಾದವೂ ಗೆಲ್ಲುತ್ತದೆ. ಮ್ಯಾನ್ಮಾರ್‌ನಲ್ಲಿ 1990ರಲ್ಲಿ ಆಂಗ್ ಸಾನ್ ಸೂ ಕಿ ಅವರ ಪಕ್ಷ 392 ಸ್ಥಾನ ಗೆದ್ದಿತು. ಸೇನೆ ಸಂಸತ್ತನ್ನು ಕರೆಯಲೇ ಇಲ್ಲ. 2020ರಲ್ಲಿ ಮತ್ತೆ ಗೆದ್ದಿತು; ಹೊಸ ಸಂಸತ್ತು ಸೇರಬೇಕಿದ್ದ 2021ರ ಫೆಬ್ರುವರಿ 1ರಂದೇ ಸೇನೆ ಅಧಿಕಾರ ಕಿತ್ತುಕೊಂಡಿತು.

ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದ ಮತದಾನ ನನಗೆ ಬಲು ಇಷ್ಟ. ಮತಪತ್ರದ ಬದಲು ಅಲ್ಲಿ ಗಾಜಿನ ಗೋಲಿ. ಅಭ್ಯರ್ಥಿಯ ಡ್ರಮ್ಮಿನೊಳಗೆ ಬಿಟ್ಟರೆ ಗಂಟೆ ಠಣ್ ಎನ್ನುತ್ತದೆ. ಎರಡು ಸಲ ಎಂದರೆ ಕಳ್ಳಮತ. ಸೈಕಲ್ ಬೆಲ್ ಕೇಳಿ ಗೊಂದಲವಾಗಬಾರದೆಂದು ಮತಗಟ್ಟೆಯ ಹತ್ತಿರ ಸೈಕಲ್ಲಿಗೂ ನಿಷೇಧ! 2016ರ ಡಿಸೆಂಬರ್‌ನಲ್ಲಿ ಆ ಗೋಲಿಗಳು 22 ವರ್ಷ ಆಳಿದ ಯಾಹ್ಯಾ ಜಾಮೆ ಅವರನ್ನು ಸೋಲಿಸಿದವು. ಮೊದಲು ಒಪ್ಪಿಕೊಂಡ ಜಾಮೆ ವಾರ ಕಳೆಯುತ್ತಲೇ ಉಲ್ಟಾ ಹೊಡೆದರು. ಗೆದ್ದ ಅದಾಮ ಬ್ಯಾರೋ ಪ್ರಮಾಣವಚನ ಸ್ವೀಕರಿಸಿದ್ದು ಸೆನೆಗಲ್‌ನಲ್ಲಿ, ತಮ್ಮ ದೇಶದ ರಾಯಭಾರ ಕಚೇರಿಯೊಳಗೆ. ನೆರೆ ರಾಷ್ಟ್ರಗಳ ಸೇನೆ ಗಡಿ ದಾಟಿದ ಮೇಲಷ್ಟೇ ಜಾಮೆ ಜಾಗ ಖಾಲಿ ಮಾಡಿದರು.

ಎಣಿಕೆಯೇ ಆಯುಧ ಎನ್ನುವವರಿಗೆ ವೆನೆಜುವೆಲಾ ಉತ್ತರ ಕೊಡುತ್ತದೆ. 2024ರಲ್ಲಿ ವಿರೋಧ ಪಕ್ಷದವರು ಮತಗಟ್ಟೆಗಳ ಎಣಿಕೆ ಪಟ್ಟಿಗಳನ್ನು ಸಂಗ್ರಹಿಸಿ, ಗೆದ್ದದ್ದು ತಾವೇ ಎಂದು ಅಂತರ್ಜಾಲದಲ್ಲಿ ಎಲ್ಲರ ಮುಂದಿಟ್ಟರು. ಮುಂದಿನ ಜನವರಿಯಲ್ಲಿ ಪ್ರಮಾಣವಚನ ಸ್ವೀಕರಿಸಿದವರು ಮಾತ್ರ ಅದಾಗಲೇ ಅಧಿಕಾರದಲ್ಲಿದ್ದ ಅಧ್ಯಕ್ಷ ಮಡುರೊ.

ಮನಿಲಾದ ಆ ಸಿಬ್ಬಂದಿಯ ಎದೆಗಾರಿಕೆ ಸಣ್ಣದಲ್ಲ. ಸೇನೆ ಒಡೆಯದೆ ಇದ್ದಿದ್ದರೆ ಅವರು ಆ ಚರ್ಚಿನಿಂದ ಎಲ್ಲಿಗೆ ಹೋಗಬೇಕಿತ್ತು?